ಹಳೆಯ ಮಟ್ಟಿಗೆ ಹೊಸ ಪದ

(ಅರಸೀಕೆರೆಯಲ್ಲಿ ಹವ್ಯಾಸಿ ನಾಟಕ ಕಲಾವಿದರ ಮುಂದೆ ಮಾಡಿದ ಭಾಷಣದ ಬರಹರೂಪ)



ಕಂಪನಿ ನಾಟಕದ ಧಾಟಿಯಲ್ಲಿ ಇವತ್ತು ಹೊಸದಾಗಿ ಒಂದು ರಂಗಗೀತೆ ಕಟ್ಟುವುದು ಹೇಗೆ ಎಂಬುದು ನೀವು ನನಗೆ ಕೊಟ್ಟಿರುವ ವಿಷಯ. ಹಳೆಯ ರಂಗಗೀತೆಗಳ ಸೊಗಸನ್ನು ಕುರಿತು ಮಾತನಾಡಿ ಎಂದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ನಾಲ್ಕು ಹೆಸರು ಹೇಳಿ, ಎರಡು ಪದ ಗುನುಗಿ, ಆ ಕಾಲ ಹೋಯಿತಲ್ಲ ಎಂದು ನಿಟ್ಟುಸಿರು ಬಿಟ್ಟು ಕುಳಿತುಕೊಳ್ಳಬಹುದಿತ್ತು. ನೀವು ಕೇಳಿರುವುದು ಬೇರೆ. ನಿಮಗೆ ಬೇಕಾಗಿರುವುದು ಹೊಸ ಪದ. ಕಾರಣವೂ ಸ್ಪಷ್ಟವಾಗಿದೆ. ಕುರುಕ್ಷೇತ್ರ ನಾಟಕ ಆಡುವುದಾದರೆ ದುರ್ಯೋಧನನಿಗೂ ಕೃಷ್ಣನಿಗೂ ಸಿದ್ಧವಾದ ಪದಗಳಿವೆ. ಹಾರ್ಮೋನಿಯಂ ಮೇಷ್ಟರ ಬೆರಳಿನಲ್ಲೇ ಅವು ಕುಳಿತಿವೆ. ಆದರೆ ಇಲ್ಲಿಂದ ಜಾವಗಲ್ ದಾಟಿದರೆ ಸಿಗುವ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರಿನ ಬೇಲೂರು, ಆ ಗುಡಿಗಳನ್ನು ಕಟ್ಟಿದ ಜನ, ಇವರನ್ನು ರಂಗಕ್ಕೆ ತರಬೇಕೆಂದರೆ ಮೇಷ್ಟರ ಪೆಟ್ಟಿಗೆಯಲ್ಲಿ ಪದವಿಲ್ಲ. ಆಗ ಒಂದೋ ಸಿನಿಮಾ ಹಾಡಿನ ಧಾಟಿ ಬರುತ್ತದೆ, ಇಲ್ಲವೇ ಯಾರೋ ಒಬ್ಬ ಕವಿ ಒಳ್ಳೆಯ ಭಾವಗೀತೆಯೊಂದನ್ನು ಬರೆದುಕೊಡುತ್ತಾನೆ. ಎರಡೂ ರಂಗದ ಮೇಲೆ ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದೇ ನನ್ನ ಮಾತಿನ ಮುಖ್ಯ ಭಾಗ.

ಮೊದಲು ಸ್ವಲ್ಪ ಹಿನ್ನೆಲೆ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದರು. ಅದೇ ದಶಕದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲ ರಂಗವೇರಿತು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಅದು ವೀರಣ್ಣನವರ ಕೈಯಲ್ಲಿ ನಾಡಿನ ಮನೆಮಾತಾಯಿತು. ವರದಾಚಾರ್ಯರು, ಮಹಮದ್ ಪೀರ್, ಸುಬ್ಬಯ್ಯನಾಯ್ಡು ಎಂದು ಪಟ್ಟಿ ಬೆಳೆಯುತ್ತದೆ. ಈ ಕಂಪನಿಗಳು ಊರೂರು ಸುತ್ತಿದವು. ಸೀನುಗಳು, ಪೆಟ್ಟಿಗೆಗಳು, ಕಿರೀಟಗಳು, ಅಡುಗೆಯ ಪಾತ್ರೆಗಳು ರೈಲಿನ ಗೂಡ್ಸ್ ಡಬ್ಬಿಯಲ್ಲೂ ಎತ್ತಿನ ಗಾಡಿಯಲ್ಲೂ ಸಾಗಿದವು. ಬೆಂಗಳೂರು–ಹುಬ್ಬಳ್ಳಿ ಹಾದಿಗೆ ಮೈಸೂರಿನ ಹಾದಿ ಬಂದು ಕೂಡುವ ನಿಮ್ಮ ಊರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಜಂಕ್ಷನ್ ಊರುಗಳ ಕಿವಿ ಯಾವಾಗಲೂ ಸ್ವಲ್ಪ ಬೆರಕೆಯ ಕಿವಿ. ಒಂದು ಕಡೆಯಿಂದ ಧಾರವಾಡದ ಹಿಂದೂಸ್ತಾನಿ ಗಾಳಿ, ಇನ್ನೊಂದು ಕಡೆಯಿಂದ ಮೈಸೂರಿನ ಕರ್ನಾಟಕ ಸಂಗೀತ. ಕಂಪನಿ ನಾಟಕದ ಪದವೂ ಇಂಥದೇ ಒಂದು ಜಂಕ್ಷನ್ನು.

ಈ ಬೆರಕೆಯ ಕುರುಹು ಹಳೆಯ ನಾಟಕದ ಪುಸ್ತಕಗಳಲ್ಲಿ ಇದೆ. ಪದದ ನೆತ್ತಿಯ ಮೇಲೆ ರಾಗ, ತಾಳ ಬರೆದು, ಅದರ ಪಕ್ಕದಲ್ಲಿ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚು ಹಾಕಿರುತ್ತಾರೆ. ಆ ‘ಇಂಥ ಹಾಡು’ ತ್ಯಾಗರಾಜರ ಕೃತಿಯಾಗಿರಬಹುದು, ಮರಾಠಿ ನಾಟ್ಯಪದವಾಗಿರಬಹುದು, ಪಾರ್ಸಿ ಕಂಪನಿಯವರು ಹಾಡಿದ ಹಿಂದೂಸ್ತಾನಿ ಗಜಲಾಗಿರಬಹುದು. ಅಂದರೆ ಕವಿಗೆ ಧಾಟಿ ಮೊದಲೇ ಸಿಕ್ಕಿರುತ್ತಿತ್ತು; ಅದರ ಅಳತೆಗೆ ಅವನು ಮಾತು ಹೊಲಿಯುತ್ತಿದ್ದ. ವಿದ್ವಾಂಸರಿಗೆ ಇದು ಸ್ವಲ್ಪ ಕೀಳಾಗಿ ಕಂಡಿದೆ. ಎರವಲು ಮಟ್ಟು, ಅದಕ್ಕೆ ತುಂಬಿದ ಮಾತು, ಇದರಲ್ಲಿ ಕಾವ್ಯವೆಲ್ಲಿ ಎಂದು ಕೇಳಿದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ದರ್ಜಿ ಬಟ್ಟೆ ನೇಯುವುದಿಲ್ಲ ಎಂದು ಅವನ ಅಂಗಿಯನ್ನು ಹೀಗಳೆಯುತ್ತೇವೆಯೇ?

ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಎಂಬ ಬೀದಿಯ ಸುತ್ತ ಬೆಳೆದ ಹಾಡು–ನಾಟಕದ ಸಂಪ್ರದಾಯ ನಮ್ಮ ಕಂಪನಿ ನಾಟಕಕ್ಕೆ ದೂರದ ದಾಯಾದಿ. ಅಲ್ಲಿ ರಿಚರ್ಡ್ ರಾಜರ್ಸ್ ಎಂಬ ಸಂಗೀತಗಾರನಿದ್ದ. ಅವನು ಲೊರೆಂಜ್ ಹಾರ್ಟ್ ಎಂಬ ಕವಿಯೊಡನೆ ಕೆಲಸ ಮಾಡುವಾಗ ಸಾಮಾನ್ಯವಾಗಿ ಧಾಟಿ ಮೊದಲು, ಮಾತು ಆಮೇಲೆ. ಅದೇ ರಾಜರ್ಸ್ ಮುಂದೆ ಆಸ್ಕರ್ ಹ್ಯಾಮರ್‌ಸ್ಟೀನ್ ಜೊತೆ ಸೇರಿದ ಮೇಲೆ ಮಾತು ಮೊದಲು, ಧಾಟಿ ಆಮೇಲೆ. 1943ರಲ್ಲಿ ಆ ಇಬ್ಬರ ಓಕ್ಲಹೋಮ ಎಂಬ ನಾಟಕ ಬಂದಾಗ, ಹಾಡು ಎಂದರೆ ಕಥೆಯನ್ನು ನಿಲ್ಲಿಸಿ ಕೇಳಿಸುವ ಮನರಂಜನೆಯಲ್ಲ, ಕಥೆಯನ್ನು ಮುಂದಕ್ಕೆ ತಳ್ಳುವ ಸಾಧನ ಎಂಬ ಮಾತು ಅಲ್ಲಿ ಗಟ್ಟಿಯಾಯಿತು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉದಾಹರಣೆ 1971ರದು. ಸ್ಟೀವನ್ ಸಾಂಡ್‌ಹೈಮ್ ಎಂಬಾತ ಫಾಲೀಸ್ ಎಂಬ ನಾಟಕಕ್ಕೆ ಹಳೆಯ ಹಾಡುಗಾರರ ಧಾಟಿಯಲ್ಲೇ ಹೊಸ ಹಾಡುಗಳನ್ನು ಬರೆದ. ಹಳೆಯ ರಂಗಮಂದಿರವೊಂದನ್ನು ಕೆಡವುವ ಮುನ್ನ, ಅಲ್ಲಿ ಒಂದು ಕಾಲಕ್ಕೆ ಹಾಡಿ ಕುಣಿದಿದ್ದವರು ಮತ್ತೆ ಸೇರುವ ಕಥೆ ಅದು. ಅವನು ಹಳೆಯದನ್ನು ಅಣಕಿಸಲಿಲ್ಲ. ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ಬಿಚ್ಚಿ ನೋಡಿ ಮತ್ತೆ ಜೋಡಿಸಿದ.

ಅಷ್ಟು ದೂರ ಏಕೆ ಹೋಗಬೇಕು, ನಮ್ಮ ಟಿ.ಪಿ. ಕೈಲಾಸಂ ಇದ್ದಾರಲ್ಲ. ಭೂಗರ್ಭಶಾಸ್ತ್ರ ಓದಲೆಂದು ಲಂಡನ್ನಿಗೆ ಹೋದವರು ಅಲ್ಲಿನ ನಾಟಕಶಾಲೆಗಳನ್ನೂ ಕಿವಿಯಲ್ಲಿ ತುಂಬಿಕೊಂಡು ಬಂದರು. 1912ರಲ್ಲಿ ಹುಟ್ಟಿ ಮೊದಲ ಮಹಾಯುದ್ಧದ ಸಿಪಾಯಿಗಳ ಬಾಯಲ್ಲಿ ಜಗತ್ತನ್ನೆಲ್ಲ ಸುತ್ತಿದ ಟಿಪ್ಪರರಿಯ ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಐರ್ಲೆಂಡಿನ ಊರಿನ ಹೆಸರು ಹೋಗಿ ನಮ್ಮ ಹಳ್ಳಿಯ ಹೆಸರು ಬಂತು ಎಂದಷ್ಟೇ ಅಲ್ಲ, ಅದನ್ನು ಹಾಡುವ ಮನುಷ್ಯನೇ ಬದಲಾದ. ಅವನ ಗೊಣಗಾಟ, ಅವನ ಆಸೆ ಎಲ್ಲವೂ ನಮ್ಮ ನೆಲದ್ದು. ಕೋಳೀಕೆರಂಗನೂ ಅದೇ ಜಾತಿ. ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದದ ಹೆಸರನ್ನು ಅಕ್ಷರ ಬಿಡಿಸಿ ಹೇಳುವ ಇಂಗ್ಲಿಷ್ ಹಾಡಿನ ಆಟವನ್ನು ಅವರು ಕನ್ನಡದ ಕಾಗುಣಿತಕ್ಕೆ ಇಳಿಸಿದರು. ಅದು ಪರದೇಶದ ಮಟ್ಟೆಂದು ಹಾಡುವವರಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಹೀಗೆ, ಮಟ್ಟು ಎರವಲಾಗಿರಬಹುದು. ಹಾಗಾದರೆ ಶೈಲಿ ಎಲ್ಲಿದೆ? ಹೊಸಬರು ಸಾಮಾನ್ಯವಾಗಿ ಅದನ್ನು ಮಾತಿನಲ್ಲಿ ಹುಡುಕುತ್ತಾರೆ. ‘ಲಲನಾಮಣಿ’, ‘ಪ್ರಾಣಕಾಂತ’, ‘ಮಾರಸುಂದರ’ ಎಂದು ನಾಲ್ಕು ಸಂಬೋಧನೆ ತುಂಬಿದರೆ ಕಂಪನಿ ನಾಟಕದ ಪದವಾಯಿತೆಂದು ತಿಳಿಯುತ್ತಾರೆ. ಅದು ಹಳೆಯ ಅಂಗಿಯ ಗುಂಡಿ ಮಾತ್ರ. ಶೈಲಿ ಇರುವುದು ಆ ಪದ ರಂಗದ ಮೇಲೆ ಮಾಡುತ್ತಿದ್ದ ಕೆಲಸದಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ಕಂಪನಿ ನಾಟಕದಲ್ಲಿ ಹಾಸ್ಯದ ಜೋಡಿ ಬೀದಿ ಸೀನಿನ ಮುಂದೆ ಬಂದು ಹಾಡುತ್ತದಲ್ಲ, ಅದು ಯಾಕೆ ಅಲ್ಲೇ ಬರುತ್ತದೆ? ಬೀದಿಯ ಪರದೆ ರಂಗದ ಮುಂಭಾಗದಲ್ಲಿ ಇಳಿದಿರುತ್ತದೆ. ಅದರ ಹಿಂದೆ ಸಿಂಹಾಸನ ಹೊತ್ತು ತರುತ್ತಿರುತ್ತಾರೆ, ದರ್ಬಾರಿನ ಕಂಬಗಳನ್ನು ನಿಲ್ಲಿಸುತ್ತಿರುತ್ತಾರೆ, ಒಬ್ಬ ಮೊಳೆ ಹುಡುಕುತ್ತಿರುತ್ತಾನೆ. ಅದು ಮುಗಿಯುವ ತನಕ ಮುಂದೆ ಹಾಡು ನಡೆಯಬೇಕು. ಬೇಗ ಮುಗಿದರೆ ಹಾಡು ಬೇಗ ಮುಗಿಯಬೇಕು, ತಡವಾದರೆ ಹಾಡು ಹಿಗ್ಗಬೇಕು. ಆದ್ದರಿಂದ ಆ ಪದಕ್ಕೆ ಬಿಡಿಬಿಡಿ ನುಡಿಗಳು, ಪ್ರತಿ ನುಡಿಯೂ ಪಲ್ಲವಿಗೆ ಬಂದು ಬೀಳುವ ಹಾಗೆ. ಎಲ್ಲಿ ಬೇಕಾದರೂ ಕತ್ತರಿಸಬಹುದು, ಎಷ್ಟು ಬೇಕಾದರೂ ಸೇರಿಸಬಹುದು. ಇದು ಕಾವ್ಯಲಕ್ಷಣವೋ ಬಡಗಿಯ ಲೆಕ್ಕವೋ ಎಂದರೆ, ಎರಡೂ ಹೌದು. ಪಲ್ಲವಿಗೆ ಮರಳುವ ಈ ಗುಣದಿಂದಲೇ ‘ಒನ್ಸ್ ಮೋರ್’ ಬಂದಾಗಲೂ ನಟನಿಗೆ ತೊಂದರೆಯಾಗುತ್ತಿರಲಿಲ್ಲ.

ಇನ್ನೊಂದು, ಧ್ವನಿ. ಮೈಕು ಇಲ್ಲದ ಕಾಲದ ಪದಗಳಿವು. ತಗಡಿನ ಥಿಯೇಟರಿನ ಕೊನೆಯ ಬೆಂಚಿನವನಿಗೂ, ಅವನ ಹಿಂದೆ ನೆಲದ ಮೇಲೆ ಕುಳಿತವನಿಗೂ ಮಾತು ಕೇಳಬೇಕು. ಹಾಗಾಗಿ ಶ್ರುತಿ ಏರಿಸಿ ಹಾಡುತ್ತಿದ್ದರು. ಮೇಲಿನ ಷಡ್ಜದಲ್ಲಿ ನಿಲ್ಲುವಾಗ ಬಾಯಿ ತೆರೆದುಕೊಳ್ಳುವ ಸ್ವರ ಬೇಕು. ‘ಆ’, ‘ಏ’, ‘ಓ’ ಇದ್ದರೆ ಗಂಟಲು ಬಿಚ್ಚಿಕೊಳ್ಳುತ್ತದೆ; ‘ಉ’ ಇದ್ದರೆ ತುಟಿ ಮುಚ್ಚಿಕೊಳ್ಳುತ್ತದೆ. ಒತ್ತಕ್ಷರದ ಗಂಟನ್ನು ಮೇಲಿನ ಸ್ವರದಲ್ಲಿಟ್ಟರೆ ಹಾಡುವವನಿಗೆ ಕಲ್ಲು ಕಚ್ಚಿದಂತೆ. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದು ಪದಗಳನ್ನು ಹೆಣೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥವರಿಗೆ ಇದೆಲ್ಲ ಕರಗತವಾಗಿತ್ತು. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ಬಂದಾಗ ಅದರ ಸಂಭಾಷಣೆಗೂ ಹಾಡುಗಳಿಗೂ ಕರೆದದ್ದು ಅವರನ್ನೇ. ಸಿನಿಮಾ ಹಾಡೆಂಬುದು ನಮ್ಮಲ್ಲಿ ರಂಗಗೀತೆಯ ಕರುಳಿನಿಂದಲೇ ಹುಟ್ಟಿದ್ದು. ಈಗ ಮಗಳ ಧಾಟಿಯನ್ನು ತಾಯಿ ಎರವಲು ಪಡೆಯುವಂತಾಗಿದೆ, ಅಷ್ಟೇ.

ಭಾವಗೀತೆ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಈಗ ಬರಬಹುದು. ಬೇಲೂರಿನ ಶಿಲ್ಪಿಯೊಬ್ಬ ರಂಗಕ್ಕೆ ಬಂದು ಹಾಡಬೇಕು ಎಂದುಕೊಳ್ಳಿ. ಕವಿ ಹೀಗೆ ಶುರು ಮಾಡಬಹುದು:

ಕಲ್ಲಿನೊಳಗೆ ಮಲಗಿದ ಮೌನವೆ
ನಿನ್ನ ಕನಸಿನ ಬಣ್ಣವಾವುದು?

ಓದಲು ಹಿತವಾಗಿದೆ, ರೇಡಿಯೋದಲ್ಲಿ ಕೇಳಲೂ ಹಿತವಾಗಿರುತ್ತದೆ. ಆದರೆ ಇದನ್ನು ಹಾಡುತ್ತ ನಟ ಏನು ಮಾಡಬೇಕು? ಅವನು ಯಾರಿಗೆ ಹೇಳುತ್ತಿದ್ದಾನೆ? ಅವನ ಎದುರು ನಿಂತವನು ಅಷ್ಟು ಹೊತ್ತು ಏನು ಮಾಡುತ್ತಾನೆ? ಹಾಡು ಮುಗಿದ ಮೇಲೆ ಕಥೆ ಎಲ್ಲಿತ್ತೋ ಅಲ್ಲೇ ಇದೆ. ಇದು ಒಬ್ಬನೇ ಕುಳಿತು ತನ್ನೊಳಗೆ ಹೇಳಿಕೊಳ್ಳುವ ಮಾತು. ರಂಗದ ಪದ ಯಾವಾಗಲೂ ಇನ್ನೊಬ್ಬನ ಕಡೆಗೆ ತಿರುಗಿರುತ್ತದೆ; ಎದುರಿನ ಪಾತ್ರದ ಕಡೆಗೆ, ಇಲ್ಲವೇ ನೇರವಾಗಿ ಪ್ರೇಕ್ಷಕನ ಕಡೆಗೆ.

ಹೊಸ ಪದಕ್ಕೆ ಯಾವ ಪಾತ್ರ ಎಂದು ಯೋಚಿಸಿದಾಗ ಎಲ್ಲರ ಬಾಯಿಗೂ ಬರುವ ಹೆಸರು ಜಕಣಾಚಾರಿ. ಕೈದಾಳದಲ್ಲಿ ಹುಟ್ಟಿದವನು, ಮಗ ಡಂಕಣನಿಂದ ಕಲ್ಲಿನೊಳಗಿನ ಕಪ್ಪೆ ಬಯಲಾಗಿ ತನ್ನ ಕೈಯನ್ನೇ ಕತ್ತರಿಸಿಕೊಂಡವನು ಎಂಬ ಕಥೆ ನಿಮಗೆ ಗೊತ್ತು; ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯೇ ಅದಕ್ಕೆ ಸಾಕ್ಷಿಯೆಂದು ತೋರಿಸುತ್ತಾರೆ. 1964ರಲ್ಲಿ ಬಿ.ಎಸ್. ರಂಗಾ ಅವರು ಅಮರಶಿಲ್ಪಿ ಜಕಣಾಚಾರಿ ಎಂಬ ವರ್ಣಚಿತ್ರವನ್ನೇ ಮಾಡಿದರು. ಕಥೆ ಅದ್ಭುತವಾಗಿದೆ, ಆದರೆ ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಇರುವ ಹೆಸರುಗಳು ಬೇರೆ. ಚೆನ್ನಕೇಶವನ ಗುಡಿಯ ಸೂರಿನಡಿಯ ನಲವತ್ತರಷ್ಟು ಮದನಿಕೆಯರಲ್ಲಿ ಹಲವರ ಪೀಠದ ಮೇಲೆ ಕೆತ್ತಿದವನ ಹೆಸರೇ ಕೆತ್ತಿದೆ. ಅವರಲ್ಲಿ ಬಳ್ಳಿಗಾವೆಯ ದಾಸೋಜ ಒಬ್ಬ, ಅವನ ಮಗ ಚಾವಣ ಇನ್ನೊಬ್ಬ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ ತಂದೆ–ಮಗ ಇಬ್ಬರೂ ಉಳಿ ಹಿಡಿದಿದ್ದರು, ಇಬ್ಬರೂ ಹೆಸರು ಬಿಟ್ಟು ಹೋದರು. ದಂತಕಥೆಯಲ್ಲೂ ತಂದೆ–ಮಗ, ಶಾಸನದಲ್ಲೂ ತಂದೆ–ಮಗ. ನಾಟಕಕಾರನಿಗೆ ಇದಕ್ಕಿಂತ ಬೇರೆ ಏನು ಬೇಕು? ಅದೂ ಅಲ್ಲದೆ ಅಲ್ಲಿನ ಶಿಲ್ಪಿಗಳು ಸುಮ್ಮನೆ ಹೆಸರು ಹಾಕಿಕೊಂಡವರಲ್ಲ. ಎದುರಾಳಿ ಶಿಲ್ಪಿಗಳ ಗರ್ವ ಮುರಿಯುವವನು ನಾನು ಎಂಬರ್ಥದ ಬಿರುದುಗಳನ್ನೂ ಹಚ್ಚಿಕೊಂಡಿದ್ದಾರೆ. ರಂಗಕ್ಕೆ ನುಗ್ಗಿ ‘ನಾನು ಇಂಥವನು’ ಎಂದು ತನ್ನನ್ನು ತಾನೇ ಸಾರಿಕೊಳ್ಳುವ ಪ್ರವೇಶದ ಪದಕ್ಕೂ ಇದಕ್ಕೂ ಎಷ್ಟು ದೂರ?

ಆದ್ದರಿಂದ ಚಾವಣನನ್ನೇ ಆರಿಸಿಕೊಂಡೆ. ಹದಿನೆಂಟರ ಹುಡುಗ ಎಂದು ನಾನೇ ವಯಸ್ಸು ಕೊಟ್ಟಿದ್ದೇನೆ. ಬಳ್ಳಿಗಾವೆಯಿಂದ ಬೇಲೂರಿಗೆ ನಡೆದು ಬಂದಿದ್ದಾನೆ. ಎದುರಿಗೆ ಅಪ್ಪ. ಸಂದರ್ಭ ಇಷ್ಟು: ಮಗನಿಗೆ ಹೆಸರು ಕೆತ್ತುವ ಆತುರ, ಅಪ್ಪನಿಗೆ ಮೊದಲು ಕೆಲಸವಾಗಲಿ ಎಂಬ ಹಟ. ಮಟ್ಟು ಮೊದಲು ನಿರ್ಧಾರವಾಗಬೇಕಲ್ಲ. ‘ಬಳ್ಳಿಗಾವೆಯ’ ಎಂದು ಬಾಯಲ್ಲಿ ಹೇಳಿ ನೋಡಿ. ಬಳ್ಳಿ ಮೂರು ಮಾತ್ರೆ, ಗಾವೆಯ ನಾಲ್ಕು. ಮೂರು–ನಾಲ್ಕು, ಮೂರು–ನಾಲ್ಕು. ಊರಿನ ಹೆಸರೇ ತಾಳ ಹಾಕಿಕೊಟ್ಟಿತು, ಇದು ಮಿಶ್ರಚಾಪು. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿದವರಿಗೆ ಈ ನಡೆ ಭಾಮಿನಿ ಷಟ್ಪದಿಯದೆಂದು ಹೇಳಬೇಕಾಗಿಲ್ಲ. ರಾಗ ಜಿಂಜೋಟಿ ಇರಲಿ. ಚುರುಕಾಗಿಯೂ ಇರುತ್ತದೆ, ಸ್ವಲ್ಪ ತುಂಟತನವನ್ನೂ ತಡೆದುಕೊಳ್ಳುತ್ತದೆ.

ಮಗ:
ಬಳ್ಳಿಗಾವೆಯ ಹುಡುಗ ಬಂದೆನು
ಒಳ್ಳೆ ಕಲ್ಲನು ಅರಸುತ

ಅಪ್ಪ ಕೊಟ್ಟುದು ಉಳಿಯು ಒಂದೇ
ತಪ್ಪು ಮಾಡಲು ಕೈಯೆರಡು

ತಂದೆ:
ಹೆಸರ ಕೆತ್ತುವ ಮುನ್ನ, ಮಗನೇ,
ಹಸಿದ ಉಳಿಯನು ತಣಿಸಿಕೊ

ಮಗ:
ಹೊಸಿಲ ದಾಟುತ ನಿನ್ನ ಹೆಸರನೆ
ಮಸುಕು ಬೆಳಕಲಿ ಓದಿದೆ

ಇದು ಮಹಾಕಾವ್ಯವೇನೂ ಅಲ್ಲ, ಆದರೆ ಪ್ರತಿ ಸಾಲಿಗೂ ಒಂದು ಕೆಲಸವಿದೆ. ಮೊದಲ ಎರಡು ಸಾಲಿನಲ್ಲಿ ಬಂದವನು ಯಾರು, ಎಲ್ಲಿಂದ, ಯಾತಕ್ಕೆ ಎಂಬುದು ಮುಗಿಯಿತು. ‘ಅರಸುತ’ ಎಂಬುದನ್ನು ‘ಅರಸುತಾ’ ಎಂದು ಎಳೆದು ಮೇಲಿನ ಷಡ್ಜಕ್ಕೆ ಏರಬಹುದು, ಬಾಯಿ ಪೂರ್ತಿ ತೆರೆಯುತ್ತದೆ. ‘ಕೈಯೆರಡು’ ಎಂಬುದು ‘ಉ’ಕಾರದಲ್ಲಿ ಮುಗಿಯುತ್ತದೆ, ಬೇಕೆಂದೇ ಹಾಗೆ ಇಟ್ಟಿದ್ದೇನೆ. ಅಲ್ಲಿ ಏರುವುದು ಬೇಡ. ಅದು ನಗೆಯ ಸಾಲು. ಕೆಳಗಿನ ಸ್ವರದಲ್ಲಿ ಮಾತಿನಂತೆ ಬಿಟ್ಟು ಒಂದು ಕ್ಷಣ ನಿಂತರೆ ಜನ ನಗಲು ಜಾಗ ಸಿಗುತ್ತದೆ. ಚರಣದಲ್ಲಿ ಅಪ್ಪನ ಬುದ್ಧಿವಾದ, ಅದಕ್ಕೆ ಮಗನ ಮರುಮಾತು. ನೀನೂ ನಿನ್ನ ಹೆಸರು ಕೆತ್ತಿದ್ದೀಯಲ್ಲ ಅಪ್ಪ ಎಂದು ಅವನು ಹೇಳಿದ ಕೂಡಲೇ ಅಪ್ಪ ಮೌನವಾಗಬೇಕಾಗುತ್ತದೆ. ಹಾಡು ಶುರುವಾದಾಗ ಇದ್ದ ಸಂಬಂಧ ಹಾಡು ಮುಗಿದಾಗ ಇಲ್ಲ. ಪ್ರಾಸವೂ ಗಮನಿಸಿ, ಎರಡನೆಯ ಅಕ್ಷರದಲ್ಲಿದೆ. ಇಂಗ್ಲಿಷಿನ ಹಾಡುಗಳಿಗೆ ಅಂತ್ಯಪ್ರಾಸ ಜೀವ. ನಮ್ಮ ಕಿವಿ ಸಾಲಿನ ಬಾಗಿಲಲ್ಲೇ ಪ್ರಾಸವನ್ನು ಕೇಳಿ ಒಗ್ಗಿಹೋಗಿದೆ. ಆದಿಪ್ರಾಸದಿಂದ ಇನ್ನೊಂದು ಲಾಭ, ಹಾಡುವವನಿಗೆ ಮುಂದಿನ ಸಾಲು ಮರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ, ಅರ್ಧ ನಿದ್ದೆಯಲ್ಲಿ, ತಲೆಯ ಮೇಲೆ ಕಿರೀಟ ಹೊತ್ತು ಹಾಡುವವನಿಗೆ ಇದು ಸಣ್ಣ ಉಪಕಾರವಲ್ಲ.

ಹೊಸಿಲಿನ ಬಳಿ ದಾಸೋಜನ ಹೆಸರು ಎಲ್ಲಿದೆ ಎಂದು ಬೇಲೂರಿನವರು ಯಾರಾದರೂ ಕೇಳಬಹುದು. ಹೆಸರು ಇರುವುದು ಮದನಿಕೆಯ ಪೀಠದಲ್ಲಿ. ಹೊಸಿಲು ಪ್ರಾಸಕ್ಕೆ ಬಂದಿದೆ, ನಾಟಕಕ್ಕೆ ಅಷ್ಟು ಸಲುಗೆ ಕೊಡಿ.

ಎಲ್ಲ ಪಾತ್ರಗಳಿಗೂ ಇದೇ ಧಾಟಿ ಹೊಂದುವುದಿಲ್ಲ. ಅದೇ ನಾಟಕದಲ್ಲಿ ಶಾಂತಲೆ ಬಂದಳು ಎನ್ನಿ. ಗೀತ, ವಾದ್ಯ, ನೃತ್ಯ ಮೂರರಲ್ಲೂ ಪ್ರವೀಣೆಯೆಂದು ಶಾಸನಗಳು ಹೊಗಳಿರುವ ರಾಣಿ. ಬೇಲೂರಿನ ನವರಂಗದ ನಡುವಿನ ದುಂಡು ವೇದಿಕೆಯ ಮೇಲೆ ಅವಳು ನರ್ತಿಸುತ್ತಿದ್ದಳೆಂದು ಇಂದಿಗೂ ಹೇಳುತ್ತಾರೆ. ಅವಳನ್ನು ಚಾಪು ತಾಳದಲ್ಲಿ ಕುಣಿಸಿದರೆ ಗೌರವ ಹೋಗುತ್ತದೆ. ಕಂಪನಿಗಳು ಇಂಥಲ್ಲಿ ಕಂದಪದ್ಯವನ್ನು ಇಡುತ್ತಿದ್ದವು. ಕಂದಕ್ಕೆ ರಂಗದಲ್ಲಿ ತಾಳವಿಲ್ಲ. ರಾಗದಲ್ಲಿ ಬಿಡಿಸಿ ಹೇಳುವುದು. ಸಾಲುಗಳು ಸಮವಲ್ಲ, ಹನ್ನೆರಡು ಮಾತ್ರೆ, ಇಪ್ಪತ್ತು ಮಾತ್ರೆ, ಮತ್ತೆ ಹನ್ನೆರಡು, ಮತ್ತೆ ಇಪ್ಪತ್ತು. ಚಿಕ್ಕ ಸಾಲಿನಲ್ಲಿ ಮಾತು ಎತ್ತಿ ದೊಡ್ಡ ಸಾಲಿನಲ್ಲಿ ಹರಡಿ ಆಲಾಪಕ್ಕೆ ಹೋಗಬಹುದು. ಹಳ್ಳಿಯ ನಾಟಕಗಳಲ್ಲಿ ಕಂದ ಹೇಳುವಾಗ ಇಡೀ ಸಭೆ ಹೇಗೆ ಸ್ತಬ್ಧವಾಗುತ್ತದೆಂದು ನಿಮಗೇ ಗೊತ್ತು. ಮದನಿಕೆಯ ಮುಂದೆ ನಿಂತ ಶಾಂತಲೆಗೆ ಒಂದು ಕಂದ:

ಕಲ್ಲೊಳ್ ನಿಂದುದು ನಾಟ್ಯಂ
ನಿಲ್ಲದು ಮನದೊಳ್ ವಿಲಾಸಮೆಂದುಂ ಕೆಳದೀ
ಸೊಲ್ಲಿಂ ಪೇಳಲ್ ಬಾರದು
ಬಲ್ಲವರಾರೀ ಶಿಲಾಮನೋಗತಿಯೆಲ್ಲಾ

‘ಕೆಳದೀ’ ಎಂಬ ಗೆಳತಿಯ ಕರೆ ಇಲ್ಲಿ ಇರುವುದು ಆಲಾಪಕ್ಕೆ ಮಾತ್ರವಲ್ಲ, ರಂಗದ ಮೇಲೆ ಇನ್ನೊಬ್ಬಳು ಇದ್ದಾಳೆ, ಮಾತು ಅವಳ ಕಡೆಗೆ ಹೋಗುತ್ತಿದೆ ಎಂದು ತೋರಿಸುವುದಕ್ಕೆ. ಭಾಷೆ ಹಳಗನ್ನಡವೂ ಅಲ್ಲ, ಹೊಸಗನ್ನಡವೂ ಅಲ್ಲ ಎಂದು ಪಂಡಿತರು ಮುಖ ಸಿಂಡರಿಸಬಹುದು. ಕಂಪನಿಯ ಕಂದಗಳ ಭಾಷೆ ಇದೇ ಬೆರಕೆ. ಶುದ್ಧ ಹಳಗನ್ನಡ ಬರೆದರೆ ಕೊನೆಯ ಬೆಂಚಿಗೆ ಅರ್ಥವಾಗದು, ಬರೀ ಹೊಸಗನ್ನಡ ಬರೆದರೆ ರಾಣಿ ರಾಣಿಯಂತೆ ಕೇಳಿಸಳು.

ಒಂದು ಆಕ್ಷೇಪಣೆ ಬರಬಹುದು. ಹನ್ನೆರಡನೆಯ ಶತಮಾನದ ಶಿಲ್ಪಿಗೆ ಜಿಂಜೋಟಿ ರಾಗ, ಹಾರ್ಮೋನಿಯಂ ಪೆಟ್ಟಿಗೆ, ಇದು ಯಾವ ನ್ಯಾಯ? ಹಾರ್ಮೋನಿಯಂ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ. ಅದು ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗೇ ಇಟ್ಟಿತ್ತು. ಬೇಲೂರು, ಹಳೇಬೀಡುಗಳ ಗೋಡೆಯ ಮೇಲೆ ಮದ್ದಳೆಯಿದೆ, ಕೊಳಲಿದೆ, ತಾಳವಿದೆ. ಈ ಪೆಟ್ಟಿಗೆ ಇಲ್ಲ, ಇರಲೂ ಸಾಧ್ಯವಿಲ್ಲ. ಆದರೆ ದ್ವಾಪರಯುಗದ ಕೃಷ್ಣ ಅದೇ ಪೆಟ್ಟಿಗೆಗೆ ಹಾಡಿದಾಗ ಸಭೆಯಲ್ಲಿ ಒಬ್ಬನೂ ಏಳುವುದಿಲ್ಲ. ಪ್ರೇಕ್ಷಕ ಒಪ್ಪಿಕೊಂಡಿರುವುದು ಹನ್ನೆರಡನೆಯ ಶತಮಾನವನ್ನಲ್ಲ, ಕಂಪನಿ ನಾಟಕ ಎಂಬ ಆಟದ ನಿಯಮವನ್ನು. ಆ ನಿಯಮದೊಳಗೆ ನೀವು ನಿಷ್ಠರಾಗಿದ್ದರೆ ಸಾಕು.

ಹೊಸ ಕಾಲದವರು ಇದನ್ನು ಮಾಡಲಾರರು ಎಂಬ ಮಾತಿಗೂ ಬೆಲೆ ಕೊಡಬೇಡಿ. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಕಂಡು, 1972ರಲ್ಲಿ ಬೆಂಗಳೂರಿನ ಬಯಲುರಂಗದಲ್ಲಿ ಜೋಕುಮಾರಸ್ವಾಮಿ, ಸಂಕ್ರಾಂತಿ, ಈಡಿಪಸ್ ನಾಟಕಗಳನ್ನು ಆಡಿಸಿದಾಗ, ಹಾಡು ಬೇಡವೆಂದು ದೂರವಿಟ್ಟಿದ್ದ ಹೊಸ ನಾಟಕಕ್ಕೆ ಹಾಡು ಮತ್ತೆ ಬಂತು. ಅವರು ಕಂಪನಿಯ ಪದಗಳನ್ನು ಹಾಗೆಯೇ ಎತ್ತಿ ತರಲಿಲ್ಲ. ಪದ ನಟನ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಆ ತಿಳಿವಳಿಕೆಯನ್ನು ತಂದರು. ಮುಂದೆ ಗೋಪಾಲ ವಾಜಪೇಯಿಯವರು ‘ನಂದಭೂಪತಿ’ಯಂಥ ನಾಟಕಗಳಿಗೆ ಬರೆದ ಹಾಡುಗಳಲ್ಲೂ ಈ ಜಾಣ್ಮೆಯಿದೆ.

ನಿಜವಾದ ಕಷ್ಟ ಬೇರೆ ಇದೆ. ಮಟ್ಟುಗಳು ಇರುವುದು ಕಿವಿಯಲ್ಲಿ, ಪುಸ್ತಕದಲ್ಲಲ್ಲ. ಪುಸ್ತಕದಲ್ಲಿ ‘ಇಂಥ ಹಾಡಿನ ಮಟ್ಟು’ ಎಂದಿರುತ್ತದೆ, ಆ ‘ಇಂಥ ಹಾಡೇ’ ಈಗ ಯಾರಿಗೂ ಗೊತ್ತಿಲ್ಲದಿದ್ದರೆ ಬೀಗವಿದೆ, ಕೀಲಿಯಿಲ್ಲ. ತಾಲೂಕುಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಿರಿಯ ಹಾರ್ಮೋನಿಯಂ ಮೇಷ್ಟರುಗಳಲ್ಲಿ ಅನೇಕರು ಸ್ವರ ಬರೆದಿಟ್ಟವರಲ್ಲ. ಅವರ ಜೊತೆ ಕುಳಿತು, ಒಂದೊಂದು ಮಟ್ಟನ್ನೂ ಮಾತಿಲ್ಲದೆ ಬರೀ ಪೆಟ್ಟಿಗೆಯಲ್ಲಿ ನುಡಿಸಲು ಹೇಳಿ, ಮೊಬೈಲಿನಲ್ಲಾದರೂ ಹಿಡಿದಿಟ್ಟುಕೊಳ್ಳಿ. ಮಾತಿಲ್ಲದೆ ಎಂದೆ, ಏಕೆಂದರೆ ಮಾತು ಸಮೇತ ಕೇಳಿದರೆ ಹೊಸ ಮಾತು ಹೊಳೆಯುವುದಿಲ್ಲ; ದುರ್ಯೋಧನನೇ ಬಂದು ನಿಲ್ಲುತ್ತಾನೆ. ಸಿನಿಮಾ ಮಟ್ಟು ತೆಗೆದುಕೊಳ್ಳುವ ಮುನ್ನ ಕಾನೂನನ್ನೂ ನೆನಪಿಟ್ಟುಕೊಳ್ಳಿ. ಹಾಡು ಕಟ್ಟಿದವರು ತೀರಿಹೋದ ಮೇಲೆ ಅರವತ್ತು ವರ್ಷ ಅದರ ಹಕ್ಕು ಉಳಿದಿರುತ್ತದೆ. ತ್ಯಾಗರಾಜರ ಕಾಲದ ಮಟ್ಟಿಗೆ ಆ ತೊಡಕಿಲ್ಲ.

ಇನ್ನು ಚಾವಣನ ಪದದ ಎರಡನೆಯ ಚರಣದ ವಿಷಯ. ಅದನ್ನು ನಾನು ಬರೆದಿಲ್ಲ. ಆ ಹೊತ್ತಿಗೆ ಹಿಂದಿನ ಪರದೆಯಲ್ಲಿ ಬೇಲೂರಿನ ಗುಡಿಯ ಸೀನು ಏರಬೇಕು, ಕಲ್ಲಿನ ಕೆಲಸದ ಅಂಗಳ ಸಿದ್ಧವಾಗಬೇಕು ಎಂದು ನಿಮ್ಮವರು ಹೇಳಿದರು. ಸೀನು ಕಟ್ಟುವವರನ್ನು ಕೇಳಿ, ಅವರಿಗೆ ಎಷ್ಟು ನಿಮಿಷ ಬೇಕೆಂದು ತಿಳಿಸಿ. ಅಷ್ಟು ಉದ್ದಕ್ಕೆ ಬರೆದು ಕಳಿಸುತ್ತೇನೆ.